5.3 ಸಿಲ್ವರಾಡೋಗೆ ಹೊಸ ಪ್ಲಗ್: ಗ್ಯಾಪ್ 40 ಇಡಲೋ, 60 ಇಡಲೋ?

ಡಲ್ಲಾಸ್ ದಾರಿಹೋಕ

ಎಲ್ಲರಿಗೂ ನಮಸ್ಕಾರ. ಗಾಡಿ 2002ರ ಶೆವ್ರೊಲೆ ಸಿಲ್ವರಾಡೋ 1500, 5.3 ಲೀಟರ್ ವಿ8 ಪೆಟ್ರೋಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಒಂದೂಕಾಲು ಲಕ್ಷ ಮೈಲಿ ದಾಟಿದೆ. ಹಿಂದಿನವರು ಸ್ಪಾರ್ಕ್ ಪ್ಲಗ್ ಬದಲಿಸಿದ್ದರೋ ಇಲ್ಲವೋ ದೇವರಿಗೇ ಗೊತ್ತು, ಕಾಗದಪತ್ರ ಏನೂ ಕೊಟ್ಟಿಲ್ಲ.

ಖಾಲಿ ಓಡಿಸಿದರೆ ಏನೂ ತೊಂದರೆ ಇಲ್ಲ. ಹಿಂದೆ ಟ್ರೇಲರ್ ಕಟ್ಟಿಕೊಂಡು ಫ್ಲೈಓವರ್ ಏರಿಸಿದರೆ ಸಾಕು, ಮಿಸ್ ಹೊಡೆಯುತ್ತದೆ. ಚೆಕ್ ಎಂಜಿನ್ ದೀಪ ಸ್ವಲ್ಪ ಹೊತ್ತು ಮಿನುಗಿ ಆಮೇಲೆ ಹಾಗೇ ನಿಂತುಬಿಟ್ಟಿತು. ಸ್ಕ್ಯಾನರ್ ಹಾಕಿದರೆ ಪಿ0300, ಅಂದರೆ ಯಾವುದೋ ಒಂದೇ ಸಿಲಿಂಡರ್ ಅಂತಿಲ್ಲದೆ ಮಿಸ್ ಹೊಡೆಯುತ್ತಿದೆ ಅನ್ನೋ ಕೋಡ್. ಇಲ್ಲಿನ ಒಂದು ಗ್ಯಾರೇಜ್‌ನಲ್ಲಿ ವಿಚಾರಿಸಿದೆ, ಅವರು ಹೇಳಿದ ಕೂಲಿ ಕೇಳಿ ನಾನೇ ಮಾಡಿಕೊಳ್ಳೋಣ ಅಂತ ಎಂಟು ಪ್ಲಗ್ ತಂದಿದ್ದೇನೆ. ಎಸಿ ಡೆಲ್ಕೊ 41-110, ಇರಿಡಿಯಂ.

ಈಗ ತಲೆನೋವು ಏನೆಂದರೆ, ಗಾಡಿ ಜೊತೆ ಬಂದ ಪುಸ್ತಕದಲ್ಲಿ ಗ್ಯಾಪ್ (ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಸಂದಿ) 0.060 ಇಂಚು ಅಂತಿದೆ. ಇಂಟರ್ನೆಟ್‌ನಲ್ಲಿ ಎಲ್ಲರೂ 0.040 ಅನ್ನುತ್ತಾರೆ. ಅಂಗಡಿಯವನು "ಫ್ಯಾಕ್ಟರಿಯಲ್ಲೇ ಗ್ಯಾಪ್ ಇಟ್ಟು ಕಳಿಸಿರ್ತಾರೆ, ಸುಮ್ನೆ ಹಾಕಿ" ಅಂದ. ಯಾರ ಮಾತು ಕೇಳಲಿ? ಇನ್ನೊಂದು, ಥ್ರೆಡ್‌ಗೆ ಆಂಟಿ-ಸೀಜ್ (ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಬೇಕಾ ಬೇಡವಾ?

ಎಂಟು ಸಿಲಿಂಡರ್

40 ಇಡಿ. ಪುಸ್ತಕ ಸುಳ್ಳು ಹೇಳುತ್ತಿಲ್ಲ, ಆ ಕಾಲಕ್ಕೆ ಅದೇ ಅಳತೆ ಇತ್ತು. ಆಮೇಲೆ ಶೆವ್ರೊಲೆ ತಯಾರಿಸುವ ಜಿಎಂನವರೇ ಅದನ್ನು 0.040ಕ್ಕೆ ಇಳಿಸಿದರು. ನಿಮ್ಮ ಕೈಲಿರುವ 41-110ಕ್ಕೂ ಅದೇ ಅಳತೆ. ಮಿಲಿಮೀಟರ್ ಲೆಕ್ಕದಲ್ಲಿ 60 ಅಂದರೆ ಒಂದೂವರೆ ಮಿಲಿಮೀಟರ್, 40 ಅಂದರೆ ಹತ್ತಿರ ಹತ್ತಿರ ಒಂದು.

ಗ್ಯಾಪ್ ಜಾಸ್ತಿ ಇದ್ದರೆ ಕಿಡಿ ದೊಡ್ಡದು, ಮಿಶ್ರಣಕ್ಕೆ ಚೆನ್ನಾಗಿ ಬೆಂಕಿ ಹತ್ತುತ್ತದೆ, ಅದು ನಿಜ. ಆದರೆ ಅಷ್ಟು ದೂರ ಹಾರಲು ಕಾಯಿಲ್ ಜಾಸ್ತಿ ವೋಲ್ಟೇಜ್ ಕೊಡಬೇಕು. ಓಡ್ತಾ ಓಡ್ತಾ ಎಲೆಕ್ಟ್ರೋಡ್ ಸವೆಯುತ್ತದೆ, ಗ್ಯಾಪ್ ಇನ್ನೂ ಬೆಳೆಯುತ್ತದೆ. 60ರಿಂದ ಶುರು ಮಾಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೀವೇ ಯೋಚಿಸಿ. ಲೋಡ್ ಬಿದ್ದಾಗಲೇ ಮಿಸ್ ಹೊಡೆಯುವುದಕ್ಕೂ ಇದೇ ಕಾರಣ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರುವುದು ಕಷ್ಟ. ಖಾಲಿ ಓಡಿಸುವಾಗ ಹೇಗೋ ಸಂಭಾಳಿಸುತ್ತದೆ.

ದೀಪ ಮಿನುಗುತ್ತಿದ್ದರೆ ಟ್ರೇಲರ್ ಎಳೆಯಬೇಡಿ ಮಾತ್ರ. ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತದೆ. ಅದು ಹಾಳಾದರೆ ಪ್ಲಗ್ ದುಡ್ಡು ದುಡ್ಡೇ ಅಲ್ಲ.

ಮಂಡ್ಯ ಮೈಲೇಜ್

ಒಂದು ದಡ್ಡ ಪ್ರಶ್ನೆ. ನಮ್ಮ ಕಡೆ ಪಿಕಪ್ ಅಂದ್ರೆ ಬೊಲೆರೊ. ಅದರಲ್ಲಿ ಈ ಪ್ಲಗ್ ಎಲ್ಲಿರುತ್ತೆ? ಯಾರೂ ಬದಲಿಸಿದ್ದು ನೋಡೇ ಇಲ್ಲ.

ಹುಬ್ಬಳ್ಳಿ ಗ್ಯಾರೇಜ್

ಅದು ಡೀಸೆಲ್ ಅಣ್ಣ, ಸ್ಪಾರ್ಕ್ ಪ್ಲಗ್ ಇರೋದೇ ಇಲ್ಲ. ಗಾಳಿ ಒತ್ತಿದ ಕಾವಿಗೇ ಡೀಸೆಲ್ ಉರಿಯುತ್ತದೆ. ಡೀಸೆಲ್ ಗಾಡಿಯಲ್ಲಿ ಇದ್ದರೆ ಹೀಟರ್ ಪ್ಲಗ್ ಇರುತ್ತದೆ, ಅದು ಚಳಿಯಲ್ಲಿ ಸ್ಟಾರ್ಟ್ ಆಗಲು ಮಾತ್ರ, ಅದಕ್ಕೆ ಗ್ಯಾಪ್ ಗೀಪ್ ಏನೂ ಇಲ್ಲ.

ನಮ್ಮಲ್ಲಿ ಗ್ಯಾಪ್ ನೋಡಬೇಕಾದ್ದು ಸೂಪರ್ ಕ್ಯಾರಿ, ಪೆಟ್ರೋಲ್ ಅಥವಾ ಸಿಎನ್‌ಜಿ ಟಾಟಾ ಏಸ್, ಇಂಥ ಗಾಡಿಗಳಲ್ಲಿ. ಅದರಲ್ಲೂ ಸಿಎನ್‌ಜಿ. ಗ್ಯಾಸ್‌ಗೆ ಬೆಂಕಿ ಹತ್ತಿಸಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು, ಹಾಗಾಗಿ ಪ್ಲಗ್ ಬೇಗ ಸವೆಯುತ್ತದೆ, ಗ್ಯಾಪ್ ಸ್ವಲ್ಪ ದೊಡ್ಡದಾದರೂ ಗಾಡಿ ಹೇಳುತ್ತದೆ. ಡ್ರೈವರ್‌ಗಳು ಬಂದು "ಪೆಟ್ರೋಲ್‌ನಲ್ಲಿ ಸರಿ ಇದೆ, ಗ್ಯಾಸ್‌ಗೆ ಹಾಕಿದ್ರೆ ಜಗ್ಗುತ್ತೆ" ಅಂದರೆ ನಾನು ಗ್ಯಾಸ್ ಕಿಟ್ ಮುಟ್ಟುವ ಮೊದಲು ಪ್ಲಗ್ ಬಿಚ್ಚಿ ನೋಡುತ್ತೇನೆ. ಎಷ್ಟೋ ಸಲ ಅಲ್ಲೇ ಸಿಕ್ಕಿಬಿಡುತ್ತದೆ.

ಪೀಣ್ಯ ಪಾನಾ

ದಾರಿಹೋಕರೇ, ಅಂಗಡಿಯವನು ಹೇಳಿದ್ದನ್ನು ಅರ್ಧ ನಂಬಿ. ಗ್ಯಾಪ್ ಇಟ್ಟೇ ಕಳಿಸಿರುತ್ತಾರೆ, ಸರಿ. ಆದರೆ ಅದೇ ನಂಬರಿನ ಪ್ಲಗ್ ಬೇರೆ ಬೇರೆ ಎಂಜಿನ್‌ಗೆ ಹೋಗುತ್ತದೆ, ಎಲ್ಲದಕ್ಕೂ ಗ್ಯಾಪ್ ಒಂದೇ ಇರಬೇಕು ಅಂತೇನಿಲ್ಲ. ಅದೂ ಅಲ್ಲದೆ ಕೊರಿಯರ್‌ನವನು ಡಬ್ಬಿ ಎಲ್ಲೆಲ್ಲಿ ಬೀಳಿಸಿದ್ದಾನೋ. ಎಂಟನ್ನೂ ಅಳೆಯಿರಿ. ಎಷ್ಟು ಹೊತ್ತಿನ ಕೆಲಸ ಹೇಳಿ?

ನಾವು ಮಷಿನ್ ಶಾಪ್‌ನವರು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಮಾತಾಡುವುದು, 40 ಥೌ, 60 ಥೌ ಅಂತ. ಅಂಬಾಸಿಡರ್‌ಗೆ 25 ಥೌ. ಹೈವೇಯಲ್ಲಿ ಗಾಡಿ ನಿಂತಾಗ ಗೇಜ್ ಎಲ್ಲಿಂದ ತರೋದು? ಹ್ಯಾಕ್ಸಾ ಬ್ಲೇಡ್ ತೂರಿಸುತ್ತಿದ್ದರು. ಅದರ ದಪ್ಪ ಸರಿಯಾಗಿ 25 ಥೌ ಆಸುಪಾಸು. ಜಾಣತನ ಅಂದರೆ ಅದು. ಆದರೆ ಆ ಜಾಣತನ ಇರಿಡಿಯಂಗೆ ತರಬೇಡಿ. ಹಳೇ ಪ್ಲಗ್‌ನ ನಡುವಿನ ಕಡ್ಡಿ ದಪ್ಪ ನಿಕಲ್, ಏನು ಮಾಡಿದರೂ ತಡೆಯುತ್ತಿತ್ತು. ಇರಿಡಿಯಂ ಪ್ಲಗ್‌ನ ತುದಿ ಅರ್ಧ ಮಿಲಿಮೀಟರ್ ಆಸುಪಾಸಿನ ಸೂಜಿ. ಇರಿಡಿಯಂ ಕರಗಬೇಕಾದರೆ 2,400 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಅಷ್ಟು ಗಟ್ಟಿ. ಆದರೆ ಬಗ್ಗುವುದಿಲ್ಲ, ಪಕ್ಕಕ್ಕೆ ಒತ್ತಿದರೆ ಪಟ್ ಅಂತ ಹೋಗುತ್ತದೆ.

ಅಂಗಡಿ ಕೌಂಟರ್‌ನಲ್ಲಿ ಸಿಗುವ ಕಾಸಿನ ಥರದ ದುಂಡು ಗೇಜ್ ಇದೆಯಲ್ಲ, ಅಂಚು ಇಳಿಜಾರಾಗಿ ದಪ್ಪ ಆಗುತ್ತಾ ಹೋಗುತ್ತೆ, ಅದನ್ನು ತೂರಿಸಿ ತಿರುಗಿಸಿ ಗ್ಯಾಪ್ ಅಗಲ ಮಾಡುವವರೇ ಜಾಸ್ತಿ. ಅದು ಸೂಜಿಯ ಮೇಲೇ ಭಾರ ಹಾಕುತ್ತದೆ. ಬೇಡ. ತಂತಿ ಗೇಜ್ ತಗೊಳ್ಳಿ. 40ರ ತಂತಿ ತೂರಿಸಿದಾಗ ಎರಡೂ ಕಡೆ ಸವರಿದ ಹಾಗೆ ಸಣ್ಣಗೆ ಹಿಡಿಯಬೇಕು. ಅದಕ್ಕಿಂತ ಒಂದು ಸೈಜ್ ದಪ್ಪದ್ದು ಹೋಗಬಾರದು. ಅಷ್ಟೇ ಪರೀಕ್ಷೆ.

ಕಡಿಮೆ ಮಾಡಬೇಕಾದರೆ ಮೇಲಿನ ಪಟ್ಟಿಯನ್ನು, ಅಂದರೆ ಬಾಗಿರುವ ಅರ್ಥ್ ಕಡ್ಡಿಯನ್ನು, ಮರದ ತುಂಡಿನ ಮೇಲೆ ಮೆತ್ತಗೆ ಒತ್ತಿ. ಜಾಸ್ತಿ ಮಾಡಬೇಕಾದರೆ ಅದೇ ಪಟ್ಟಿಯನ್ನು ಕೊಕ್ಕೆ ಹಾಕಿ ಎತ್ತಿ. ನಡುವಿನ ಸೂಜಿಗೆ ಯಾವ ಉಪಕರಣವೂ ತಾಗಬಾರದು. ಪಟ್ಟಿ ಬಗ್ಗಿಸಿದ ಮೇಲೆ ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿ, ಸೂಜಿಗೆ ಎದುರಾಗಿ ಸಮನಾಗಿ ನಿಂತಿರಬೇಕು, ಓರೆ ಆಗಿರಬಾರದು. ಮತ್ತೆ, ವೈರ್ ಬ್ರಷ್ ಹಾಕಿ ಉಜ್ಜುವ ಚಟ ಇದ್ದರೆ ಬಿಟ್ಟುಬಿಡಿ.

ಡಲ್ಲಾಸ್ ದಾರಿಹೋಕ

ಗುರುಗಳೇ, ಅಳೆದೆ. ಹೆಚ್ಚಿನವು ಸರಿಯಾಗಿ 40ಕ್ಕೇ ಇದ್ದವು. ಒಂದು ಮಾತ್ರ 35ರ ತಂತಿಯನ್ನೂ ಬಿಡಲಿಲ್ಲ. ಅದರ ಡಬ್ಬಿಯ ಮೂಲೆ ಜಜ್ಜಿತ್ತು.

ಪೀಣ್ಯ ಪಾನಾ

ಕೊರಿಯರ್‌ನವನಿಗೆ ನನ್ನ ನಮಸ್ಕಾರ ತಿಳಿಸಿ. ಅದನ್ನು ಎತ್ತಿ ಸರಿ ಮಾಡುವ ಮೊದಲು ಪಿಂಗಾಣಿ ಬಿರುಕು ಬಿಟ್ಟಿದೆಯಾ ನೋಡಿ. ಕೆಳಗೆ ಬಿದ್ದ ಪ್ಲಗ್ ನನಗಂತೂ ಬೇಡ. ವಾಪಸ್ ಕೊಟ್ಟು ಬೇರೆ ತನ್ನಿ.

ಮಿಶಿಗನ್ ಮಂಜುಗಡ್ಡೆ

ಆಂಟಿ-ಸೀಜ್ ಬಗ್ಗೆ ಯಾರೂ ಹೇಳಲಿಲ್ಲ. ಹಚ್ಚಿ ಸರ್. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಎಲ್ಲಾ ಬೋಲ್ಟೂ ಕಚ್ಚಿಕೊಂಡು ಕೂರುತ್ತದೆ. ಅಲ್ಯೂಮಿನಿಯಂ ಹೆಡ್‌ನಲ್ಲಿ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ) ಸ್ಟೀಲ್ ಪ್ಲಗ್ ಲಕ್ಷ ಮೈಲಿ ಕೂತರೆ ಆಮೇಲೆ ಬಿಚ್ಚುವವನ ಕಥೆ ಗೋವಿಂದ.

ಟಾರ್ಕ್ ತಂಗಿ

ಇದನ್ನು ಒಪ್ಪಲ್ಲ. ನನ್ನ ಕೆಲಸವೇ ಎಂಜಿನ್ ಟೆಸ್ಟಿಂಗ್, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಈಗಿನ ಪ್ಲಗ್‌ಗಳ ಥ್ರೆಡ್ ಮೇಲೆ ಹೊಳೆಯುವ ಲೇಪನ ಇರುತ್ತದೆ. ಕಚ್ಚಿಕೊಳ್ಳದಿರಲಿ ಅಂತಲೇ ಅದನ್ನು ಹಾಕಿರುವುದು. ಎನ್‌ಜಿಕೆಯವರಂತೂ ತಮ್ಮ ಪ್ಲಗ್‌ಗೆ ಆಂಟಿ-ಸೀಜ್ ಬೇಡವೇ ಬೇಡ ಅನ್ನುತ್ತಾರೆ. ಕಾರಣ ಇದೆ. ಟಾರ್ಕ್ ಸಂಖ್ಯೆಗಳನ್ನು, ಅಂದರೆ ಎಷ್ಟು ಬಲದಲ್ಲಿ ಬಿಗಿ ಮಾಡಬೇಕು ಅನ್ನೋದನ್ನು, ಒಣ ಥ್ರೆಡ್‌ಗೆ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಜಾರುವ ಪೇಸ್ಟ್ ಹಚ್ಚಿದರೆ ತಿಕ್ಕಾಟ ಕಡಿಮೆಯಾಗುತ್ತದೆ, ರೆಂಚ್ ಅದೇ ಸಂಖ್ಯೆ ತೋರಿಸುವಾಗ ಪ್ಲಗ್ ನಿಜವಾಗಿ ಇನ್ನೂ ಜಾಸ್ತಿ ಎಳೆದುಕೊಂಡಿರುತ್ತದೆ. ಪ್ಲಗ್ ಮೈ ಹಿಗ್ಗಬಹುದು, ಹೆಡ್‌ನ ಥ್ರೆಡ್ ಕಿತ್ತು ಬರಬಹುದು. ಉಪ್ಪಿನ ಮಾತು ಚಾಸಿಸ್ ಬೋಲ್ಟ್‌ಗೆ ಸರಿ, ಪ್ಲಗ್‌ಗೆ ಅಲ್ಲ.

ಒಂದು ಅಪವಾದ ಇದೆ, ಅದೂ ಫೋರ್ಡ್‌ನದು. 5.4 ಲೀಟರ್ ಮೂರು ವಾಲ್ವ್ ಟ್ರೈಟನ್, 2004ರಿಂದ 2008ರವರೆಗಿನ ಎಫ್-150ಯಲ್ಲಿ ಬರುತ್ತಿದ್ದದ್ದು. ಅದರ ಪ್ಲಗ್ ಎರಡು ತುಂಡು ಸೇರಿಸಿ ಮಾಡಿದ್ದು. ಥ್ರೆಡ್ ಕೆಳಗೆ ಉದ್ದನೆಯ ಕೊಳವೆ, ಅದರ ಸುತ್ತ ಇಂಗಾಲ ಕಟ್ಟಿ ಹೆಡ್‌ಗೆ ಕಚ್ಚಿಕೊಳ್ಳುತ್ತದೆ. ಬಿಚ್ಚಲು ಹೋದರೆ ಮೇಲಿನ ಅರ್ಧ ಕೈಗೆ, ಕೆಳಗಿನ ಅರ್ಧ ಹೆಡ್‌ನಲ್ಲೇ. ಇದಕ್ಕೆ ಅಂತಲೇ ಫೋರ್ಡ್ ಸರ್ವಿಸ್ ಬುಲೆಟಿನ್ ಹೊರಡಿಸಿತು, 08-7-6 ಅಂತ. ತಣ್ಣಗಿನ ಎಂಜಿನ್‌ನಲ್ಲಿ ಪ್ಲಗ್ ಒಂದು ಚೂರು ಸಡಿಲಿಸಿ, ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು ನೆನೆಯಲು ಬಿಡಬೇಕು, ಆಮೇಲೆ ಹಿಂದೆ ಮುಂದೆ ಆಡಿಸುತ್ತಾ ನಿಧಾನ ಬಿಚ್ಚಬೇಕು. ಹೊಸದು ಹಾಕುವಾಗ ನಿಕಲ್ ಆಂಟಿ-ಸೀಜ್ ಹಚ್ಚಿ ಅನ್ನುತ್ತಾರೆ, ಆದರೆ ಅದೂ ಕೆಳಗಿನ ಕೊಳವೆಗೆ, ಥ್ರೆಡ್‌ಗೆ ಅಲ್ಲ. ಮುರಿದ ತುಂಡು ತೆಗೆಯಲು ಲೈಲ್ 65600 ಅಂತ ಬೇರೆ ಉಪಕರಣವೇ ಮಾರುಕಟ್ಟೆಗೆ ಬಂತು ಅಂದರೆ ಎಷ್ಟು ಜನ ಒದ್ದಾಡಿರಬೇಕು ನೋಡಿ.

ಸಿಲ್ವರಾಡೋದಲ್ಲಿ ಈ ರಗಳೆ ಇಲ್ಲ. ಒಣಗಿದ್ದು ಒಣಗಿದ್ದಂತೇ ಹಾಕಿ.

ಮಿಶಿಗನ್ ಮಂಜುಗಡ್ಡೆ

ಸರಿ ಮೇಡಂ, ನೀವು ಹೇಳಿದ ಮೇಲೆ ಮುಗೀತು. ಆದರೂ ನಾನು ಚೂರು ಹಚ್ಚೋನೇ.

ಟಾರ್ಕ್ ತಂಗಿ

ಹಚ್ಚಿ, ಟಾರ್ಕ್ ಇಳಿಸಿ ಹಚ್ಚಿ. ನಿಮ್ಮ ಹೆಡ್, ನಿಮ್ಮ ಇಷ್ಟ.

ಡಲ್ಲಾಸ್ ದಾರಿಹೋಕ

ಟಾರ್ಕ್ ಎಷ್ಟು ಅಂತಲೂ ಹೇಳಿಬಿಡಿ ಮೇಡಂ. ಶನಿವಾರ ಕೈ ಹಾಕುತ್ತೇನೆ. ಹಿಂದಿನ ಎರಡು ಪ್ಲಗ್ ನೋಡಿದರೆ ಕೈಯೇ ಹೋಗಲ್ಲ ಅನ್ನಿಸುತ್ತದೆ.

ಟಾರ್ಕ್ ತಂಗಿ

11 ಪೌಂಡ್-ಅಡಿ, ಅಂದರೆ 15 ನ್ಯೂಟನ್ ಮೀಟರ್. ತುಂಬಾ ಕಡಿಮೆ ಅನ್ನಿಸುತ್ತದೆ, ಆದರೆ ಅಷ್ಟೇ. ಚಕ್ರದ ನಟ್‌ಗೆ ಬಳಸುವ ಅರ್ಧ ಇಂಚಿನ ದೊಡ್ಡ ಟಾರ್ಕ್ ರೆಂಚ್ ಇಷ್ಟು ಕೆಳಗೆ ಸರಿಯಾಗಿ ಅಳೆಯುವುದಿಲ್ಲ. ಇಂಚ್-ಪೌಂಡ್ ತೋರಿಸುವ ಚಿಕ್ಕದು ತಗೊಳ್ಳಿ, ಅದರಲ್ಲಿ 132ಕ್ಕೆ ಇಡಿ.

ಈ ಪ್ಲಗ್‌ಗೆ ವಾಷರ್ ಇಲ್ಲ, ಗಮನಿಸಿ. ಕೂರುವ ಜಾಗ ಇಳಿಜಾರು, ಲೋಹಕ್ಕೆ ಲೋಹ ಕೂತು ಸೀಲ್ ಆಗುತ್ತದೆ. ವಾಷರ್ ಇರುವ ಪ್ಲಗ್ ಆದರೆ ಕೈಯಲ್ಲಿ ಬಿಗಿಯಾದ ಮೇಲೆ ಅರ್ಧ ಸುತ್ತಿನಷ್ಟು ತಿರುಗಿಸಬೇಕು, ವಾಷರ್ ಅಪ್ಪಚ್ಚಿ ಆಗಬೇಕಲ್ಲ. ಇದಕ್ಕೆ ಒಂದು ಸುತ್ತಿನ ಹದಿನಾರನೇ ಒಂದು ಭಾಗ ಸಾಕು. ಬೈಕ್ ಪ್ಲಗ್ ಬಿಗಿ ಮಾಡಿದ ಅಭ್ಯಾಸದಲ್ಲಿ ಇದನ್ನೂ ಅರ್ಧ ಸುತ್ತು ಎಳೆದರೆ ಕೆಲಸ ಕೆಟ್ಟಿತು.

ಎಂಟು ಸಿಲಿಂಡರ್

ಹಿಂದಿನ ಎರಡರ ಬಗ್ಗೆ ನಾನು ಹೇಳುತ್ತೇನೆ, ಇದೇ ಎಂಜಿನ್ ನನ್ನ ಹತ್ತಿರವೂ ಇದೆ. ಡ್ರೈವರ್ ಕಡೆ ಮುಂದಿನಿಂದ 1, 3, 5, 7. ಇನ್ನೊಂದು ಕಡೆ 2, 4, 6, 8. ಫೈರ್‌ವಾಲ್‌ಗೆ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು) ಅಂಟಿಕೊಂಡಿರುವ 7 ಮತ್ತು 8ರದ್ದೇ ಕಾಟ. ಡ್ರೈವರ್ ಕಡೆ ಸ್ಟೀರಿಂಗ್ ಶಾಫ್ಟ್ ಬೇರೆ ಅಡ್ಡ.

ಮೊದಲ ಮಾತು, ಎಂಜಿನ್ ಪೂರ್ತಿ ತಣ್ಣಗಿರಲಿ. ನಿಮ್ಮ ಡಲ್ಲಾಸ್ ಬೇಸಿಗೆಯಲ್ಲಿ ಮಧ್ಯಾಹ್ನ ನಿಲ್ಲಿಸಿದರೆ ಸಂಜೆಗೂ ತಣ್ಣಗಾಗಲ್ಲ, ರಾತ್ರಿ ನಿಲ್ಲಿಸಿ ಬೆಳಗ್ಗೆ ಎದ್ದ ಕೂಡಲೇ ಮಾಡಿ. ಬಿಸಿ ಅಲ್ಯೂಮಿನಿಯಂ ಥ್ರೆಡ್ ಮೆತ್ತಗಿರುತ್ತದೆ, ಪ್ಲಗ್ ಜೊತೆಗೇ ಎದ್ದು ಬರುತ್ತದೆ.

ವೈರ್ ಹಿಡಿದು ಎಳೆಯಬೇಡಿ. ಈ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್, ಅಲ್ಲಿಂದ ಗಿಡ್ಡ ವೈರ್, ತುದಿಯಲ್ಲಿ ರಬ್ಬರ್ ಬೂಟ್, ಅದರ ಮೇಲೆ ತಗಡಿನ ಕವಚ. ಬೂಟನ್ನೇ ಹಿಡಿದು ಆ ಕಡೆ ಈ ಕಡೆ ಅರ್ಧರ್ಧ ಸುತ್ತು ತಿರುಗಿಸಿ, ಹಿಡಿತ ಬಿಟ್ಟ ಮೇಲೆ ಎಳೆಯಿರಿ. ಆಮೇಲೆ ಗಾಳಿ ಹೊಡೆಯಿರಿ. ಪ್ಲಗ್ ಸುತ್ತ ಮರಳು, ಎಲೆಚೂರು ಕೂತಿರುತ್ತದೆ, ಬಿಚ್ಚಿದ ಕೂಡಲೇ ಅದೆಲ್ಲ ನೇರ ಸಿಲಿಂಡರ್ ಒಳಗೆ.

ಸಾಕೆಟ್ ಐದೆಂಟನೇ ಇಂಚು, ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್. ಹಿಂದಿನವಕ್ಕೆ ತಲೆ ಆಡುವ ಎಕ್ಸ್‌ಟೆನ್ಶನ್ ಬೇಕೇ ಬೇಕು. ಸಾಕೆಟ್ ಓರೆಯಾಗಿ ಕೂತರೆ ಪಿಂಗಾಣಿಗೆ ಕೂದಲೆಳೆ ಬಿರುಕು ಬರುತ್ತದೆ, ಕಣ್ಣಿಗೂ ಕಾಣಲ್ಲ, ಮಳೆ ಬಂದ ದಿನ ಮಿಸ್ ಹೊಡೆಯಲು ಶುರು.

ಹೊಸ ಪ್ಲಗ್ ಒಳಗೆ ಕೂರಿಸಲು ರೆಂಚ್ ಬಳಸಲೇಬೇಡಿ. ಬಿಗಿಯಾಗಿ ಕೂರುವ ಒಂದು ರಬ್ಬರ್ ಪೈಪ್ ತುಂಡನ್ನು ಪ್ಲಗ್ ತಲೆಗೆ ಸಿಕ್ಕಿಸಿ, ಅದನ್ನು ಹಿಡಿದು ಬೆರಳಲ್ಲಿ ತಿರುಗಿಸಿ. ಥ್ರೆಡ್ ತಪ್ಪಿ ಹತ್ತಿದರೆ ಪೈಪ್ ಜಾರಿಬಿಡುತ್ತದೆ, ಹೆಡ್ ಉಳಿಯುತ್ತದೆ. ರೆಂಚ್‌ಗೆ ಆ ದಯೆ ಇಲ್ಲ.

ಒಂದು ಮುಗಿಸಿ ಇನ್ನೊಂದು. ಎಂಟೂ ಒಟ್ಟಿಗೆ ಬಿಚ್ಚಿ ಹರಡಿಕೊಂಡು ಕೂರಬೇಡಿ. ಹಳೇ ಪ್ಲಗ್‌ಗಳನ್ನು ಬಿಸಾಡಬೇಡಿ. ಮೊಟ್ಟೆ ಟ್ರೇ ತಗೊಂಡು ಸಿಲಿಂಡರ್ ನಂಬರ್ ಬರೆದು ಸಾಲಾಗಿ ಇಡಿ. ಅವು ಏನು ಹೇಳುತ್ತವೆ ನೋಡಬೇಕು.

ಸುಮ್ನೆ ಓದೋಳು

ಗ್ರೀಸ್ ಹಾಕ್ತಾರಲ್ಲ, ಅದು ಯಾವುದು? ನಮ್ಮೆಜಮಾನ್ರು ಯಾವುದೋ ಟ್ಯೂಬ್ ಹಿಡ್ಕೊಂಡು ಓಡಾಡ್ತಿದ್ರು.

ಟಾರ್ಕ್ ತಂಗಿ

ಡೈಎಲೆಕ್ಟ್ರಿಕ್ ಗ್ರೀಸ್. ಸಿಲಿಕೋನ್‌ನದು, ಕರೆಂಟ್ ಹರಿಸುವುದಿಲ್ಲ. ರಬ್ಬರ್ ಬೂಟಿನ ಒಳ ಅಂಚಿಗೆ ತೆಳ್ಳಗೆ ಸವರಿದರೆ ಸಾಕು. ಬೂಟು ಪಿಂಗಾಣಿಗೆ ಅಂಟಿಕೊಳ್ಳಲ್ಲ, ತೇವ ಒಳಗೆ ಹೋಗಲ್ಲ. ಮೂಲವ್ಯಾಧಿ ಮುಲಾಮಿನ ಹಾಗೆ ಎಲ್ಲಾ ಕಡೆ ಮೆತ್ತಬೇಡಿ ಅಂತ ಯಜಮಾನರಿಗೆ ಹೇಳಿ.

ಡಲ್ಲಾಸ್ ದಾರಿಹೋಕ

ಮುಗೀತು. ಬೆಳಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಎಂಟೂ ಕೂತವು. ರಬ್ಬರ್ ಪೈಪ್ ಹೇಳಿದವರಿಗೆ ದೊಡ್ಡ ನಮಸ್ಕಾರ, 8ನೇದಕ್ಕೆ ಅದಿಲ್ಲದಿದ್ದರೆ ಆಗುತ್ತಲೇ ಇರಲಿಲ್ಲ.

ಹಳೇದನ್ನು ಅಳೆದೆ. ಎಲ್ಲವೂ 60 ದಾಟಿವೆ, ಎರಡರಲ್ಲಿ 70ರ ತಂತಿ ಸಲೀಸಾಗಿ ಆಡುತ್ತದೆ. ಬಣ್ಣ ಎಲ್ಲದರದ್ದೂ ಒಂದೇ, ತಿಳಿ ಕಂದು, ಸ್ವಲ್ಪ ಬೂದಿ ಬಣ್ಣ. ಎಣ್ಣೆ ಇಲ್ಲ, ಮಸಿ ಇಲ್ಲ.

ಆದರೆ 7ನೇದರಲ್ಲಿ ಒಂದು ವಿಚಿತ್ರ. ಬಿಳಿ ಪಿಂಗಾಣಿ ಮೇಲೆ, ತುದಿಯ ಟರ್ಮಿನಲ್‌ನಿಂದ ಕೆಳಗಿನ ಷಟ್ಕೋನದವರೆಗೆ, ಸೀಸದ ಕಡ್ಡಿಯಲ್ಲಿ ಎಳೆದಂತೆ ಒಂದು ಕಪ್ಪು ಗೆರೆ. ಬಟ್ಟೆಯಲ್ಲಿ ಒರೆಸಿದರೂ ಹೋಗಲ್ಲ. ಬೂಟ್ ಬಿಡಿಸಿ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ರಬ್ಬರ್ ಮೇಲೂ ಗೆರೆ, ಪಕ್ಕದಲ್ಲಿ ಸಣ್ಣ ತೂತು. ಇದೇನು?

ಹುಬ್ಬಳ್ಳಿ ಗ್ಯಾರೇಜ್

ಸಿಕ್ಕಿತು ನೋಡಿ ಕಳ್ಳ! ಅದು ಕರೆಂಟ್ ಸೋರಿದ ದಾರಿ. ಗ್ಯಾಪ್ 70 ಆಗಿದೆ, ಅಲ್ಲಿ ಹಾರಲು ವೋಲ್ಟೇಜ್ ಸಾಲುತ್ತಿಲ್ಲ, ಬೇರೆ ಸುಲಭದ ದಾರಿ ಹುಡುಕುತ್ತದೆ. ಪಿಂಗಾಣಿ ಮೇಲಿಂದ ಹಾರಿ ನೇರ ಹೆಡ್‌ಗೆ ಹೋಗಿದೆ. ಒಂದು ಸಲ ಹಾಗೆ ಹಾರಿದರೆ ಅಲ್ಲಿ ಇಂಗಾಲ ಕೂರುತ್ತದೆ, ಇಂಗಾಲ ಕರೆಂಟ್ ಹರಿಸುತ್ತದೆ, ಆಮೇಲೆ ಅದೇ ಕಾಯಂ ದಾರಿ. ಬೂಟ್ ಬದಲಿಸದೆ ಹೊಸ ಪ್ಲಗ್ ಹಾಕಿದರೆ ಅದರ ಮೇಲೂ ಹೊಸ ಗೆರೆ ಬರೆಯುತ್ತದೆ. ಆ ವೈರ್ ಮತ್ತೆ ಹಾಕಬೇಡಿ. ಎಂಟೂ ವೈರ್ ಸೆಟ್ ತನ್ನಿ, ವಯಸ್ಸು ಎಲ್ಲದಕ್ಕೂ ಒಂದೇ ತಾನೇ.

ಎಂಟು ಸಿಲಿಂಡರ್

ಅಂದರೆ ಮಿಸ್ ಹೊಡೆಯುತ್ತಿದ್ದದ್ದು ಬರೀ ಗ್ಯಾಪ್‌ನಿಂದ ಅಲ್ಲ, ಗ್ಯಾಪ್ ಬೆಳೆದು ವೈರನ್ನೂ ತಿಂದಿದೆ. 7ನೇ ಸಿಲಿಂಡರ್‌ನ ಕೋಡ್ ಪಿ0307 ಬರದೆ ಪಿ0300 ಬಂದಿದ್ದು ಉಳಿದವೂ ಆಗಾಗ ಮಿಸ್ ಆಗುತ್ತಿದ್ದವು ಅಂತಲೇ ಇರಬೇಕು. ವೈರ್ ಬದಲಿಸಿದ ಮೇಲೂ 7ರದ್ದೇ ಕೋಡ್ ಬಂದರೆ 7ರ ಕಾಯಿಲ್ ತೆಗೆದು 5ಕ್ಕೆ ಹಾಕಿ ನೋಡಿ. ಕೋಡ್ 0305 ಆಯಿತು ಅಂದರೆ ಕಾಯಿಲ್ ಹೋಗಿದೆ. 0307ರಲ್ಲೇ ನಿಂತರೆ ಕಾಯಿಲ್ ತಪ್ಪಿಲ್ಲ, ಇಂಜೆಕ್ಟರ್ ಕಡೆ ನೋಡಬೇಕು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ.

ಎಣ್ಣೆ ಇಲ್ಲ ಅಂದಿದ್ದು ಒಳ್ಳೆಯ ಸುದ್ದಿ. 2007ರ ನಂತರದ 5.3ಗಳಲ್ಲಿ ಹಗುರ ಓಟದಲ್ಲಿ ನಾಲ್ಕು ಸಿಲಿಂಡರ್ ಮಲಗಿಸುವ ವ್ಯವಸ್ಥೆ ಬಂತಲ್ಲ, 1, 4, 6, 7 ಮಲಗುತ್ತವೆ. ಅಂಥ ಎಂಜಿನ್‌ನಲ್ಲಿ ಪ್ಲಗ್ ಎಣ್ಣೆ ಮೆತ್ತಿಕೊಂಡು ಬಂದರೆ ಮೊದಲು ಈ ನಾಲ್ಕನ್ನೇ ನೋಡುತ್ತಾರೆ. ನಿಮ್ಮ 2002ಕ್ಕೆ ಆ ತಾಪತ್ರಯವೇ ಇಲ್ಲ.

ಡಲ್ಲಾಸ್ ದಾರಿಹೋಕ

ವೈರ್ ಸೆಟ್ ಹಾಕಿ ಟ್ರೇಲರ್ ಕಟ್ಟಿ ಅದೇ ಫ್ಲೈಓವರ್ ಹತ್ತಿಸಿ ಬಂದೆ. ಒಂದು ಸಲವೂ ಜಗ್ಗಲಿಲ್ಲ. ಕೋಡ್ ಅಳಿಸಿದ ಮೇಲೆ ವಾಪಸ್ ಬಂದಿಲ್ಲ.

ಮಿಶಿಗನ್ ಮಂಜುಗಡ್ಡೆ

ಪುಣ್ಯವಂತರು, ಎಂಟಕ್ಕೆ ಮುಗೀತು. ನಮ್ಮ ಪಕ್ಕದ ಮನೆಯವರ ರಾಮ್‌ನಲ್ಲಿ (ಅದೂ ಪಿಕಪ್ಪೇ) 5.7 ಹೆಮಿ ಎಂಜಿನ್, ಸಿಲಿಂಡರ್‌ಗೆ ಎರಡೆರಡು ಪ್ಲಗ್. ಹದಿನಾರು! ಕರೆದರೆ ನಾನು ಮನೆಯಲ್ಲಿಲ್ಲ ಅಂತೀನಿ.

ಕೆಂಪು ಟ್ರಕ್

ತಡವಾಗಿ ಬಂದೆ. ನನ್ನದು ಎಫ್-150, 3.5 ಇಕೋಬೂಸ್ಟ್. ನಾನೂ 40ಕ್ಕೇ ಇಡಲಾ?

ಟಾರ್ಕ್ ತಂಗಿ

ಬೇಡ. ಅದು ಟರ್ಬೊ. ಗಾಳಿಯನ್ನು ಒತ್ತಿ ತುಂಬುತ್ತದೆ, ಅಷ್ಟು ಒತ್ತಡದಲ್ಲಿ 40 ದಾಟಿ ಹಾರಲು ಕಿಡಿಗೆ ಕಷ್ಟ. 30ರಿಂದ 35 ಥೌ ನಡುವೆ ಇಡಿ. ಟ್ಯೂನ್ ಮಾಡಿಸಿ ಬೂಸ್ಟ್ ಏರಿಸಿದ್ದರೆ 30ರ ಕಡೆಗೇ ಇರಲಿ.

ಇನ್ನೊಂದು, ಬೇರೆ ಕಂಪನಿ ಪ್ಲಗ್ ತರುವುದಾದರೆ ಹೀಟ್ ರೇಂಜ್ (ಪ್ಲಗ್ ತನ್ನ ಕಾವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನೋದು) ಸಂಖ್ಯೆ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಎನ್‌ಜಿಕೆ, ಡೆನ್ಸೊದಲ್ಲಿ ಸಂಖ್ಯೆ ಏರಿದರೆ ತಂಪು ಪ್ಲಗ್. ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ, ಏರಿದರೆ ಬಿಸಿ. ಗಾಡಿಯ ಮಾಡೆಲ್, ಎಂಜಿನ್ ಹೇಳಿ ಪಟ್ಟಿ ನೋಡಿಸಿಯೇ ತಗೊಳ್ಳಿ.

ಕೆಂಪು ಟ್ರಕ್

32 ಇಡ್ತೀನಿ ಹಾಗಾದ್ರೆ. ತಂತಿ ಗೇಜ್‌ಗೆ ಆರ್ಡರ್ ಹಾಕಿದೆ, ಕಾಸಿನ ಗೇಜ್ ಟೂಲ್ ಬಾಕ್ಸ್‌ನಲ್ಲೇ ಇರಲಿ.